ಶಾಂತಿ ಆಗಿದೆ ಅಂದವನಿಗೆ ಬಾವುಟ ಇಳಿಸು ಅಂದರು

ಈ ವಾರ ಟೊರಾಂಟೊದಲ್ಲಿರುವ ಅಣ್ಣ, ನ್ಯೂಜೆರ್ಸಿಯಲ್ಲಿರುವ ತಮ್ಮ ಫೋನಿನಲ್ಲಿ ಅಮೆರಿಕ, ಬ್ರಿಟನ್ ನಡುವೆ ನಡೆದ 1812ರ ಯುದ್ಧದಲ್ಲಿ ಗೆದ್ದವರು ಯಾರು ಅಂತ ಜಗಳಕ್ಕೆ ಬಿದ್ದರು. ಆಗ ಕೆನಡಾ ಬ್ರಿಟಿಷರ ವಸಾಹತು. "ವಾಷಿಂಗ್ಟನ್‌ಗೆ ಬೆಂಕಿ ಇಟ್ಟವರು ಯಾರಪ್ಪಾ?" ಅಂತ ಅಣ್ಣ. "ನ್ಯೂ ಆರ್ಲಿಯನ್ಸ್‌ನಲ್ಲಿ ಯಾರ ಹೆಣ ಬಿತ್ತಣ್ಣಾ?" ಅಂತ ತಮ್ಮ. ಎರಡೂ ನಿಜ. ಬೆಂಕಿ ಬಿದ್ದದ್ದು 1814ರ ಆಗಸ್ಟ್ 24ಕ್ಕೆ. ನ್ಯೂ ಆರ್ಲಿಯನ್ಸ್‌ನಲ್ಲಿ 1815ರ ಜನವರಿ 8ರಂದು ಸತ್ತು, ಗಾಯಗೊಂಡು, ಸೆರೆಸಿಕ್ಕ ಬ್ರಿಟಿಷರು ಸುಮಾರು 2,000. ಆದರೆ ಬೆಲ್ಜಿಯಂನ ಗೆಂಟ್ ನಗರದಲ್ಲಿ ಯುದ್ಧ ಮುಗಿಸುವ ಸಂಧಿಗೆ ಸಹಿ ಬಿದ್ದು ಆಗಲೇ ಎರಡು ವಾರ ಆಗಿತ್ತು.

ಅವರ ಜಗಳ ಕೇಳುತ್ತಿದ್ದಷ್ಟೂ ಹೊತ್ತು ಕಣ್ಣ ಮುಂದೆ ಬಂದದ್ದು ಜಾವಾ, ಸುಮಾತ್ರಾ ನಡುವಿನ ಸುಂದಾ ಜಲಸಂಧಿ. 1815ರ ಜೂನ್ 30. ಈಸ್ಟ್ ಇಂಡಿಯಾ ಕಂಪನಿಯ ನೌಕಾಪಡೆ ಬಾಂಬೆ ಮೆರೀನ್‌ಗೆ ಸೇರಿದ ಪುಟ್ಟ ಹಡಗು ನಾಟಿಲಸ್. ಎದುರಿಗೆ ಅದಕ್ಕಿಂತ ಬಲವಾದ ಅಮೆರಿಕದ ಪೀಕಾಕ್. ಶಾಂತಿ ಆಗಿದೆ ಅಂದ ನಾಟಿಲಸ್‌ನ ಕಪ್ತಾನ ಬಾಯ್ಸ್. ಹಾಗಿದ್ದರೆ ಬಾವುಟ ಇಳಿಸು, ಅಂದರೆ ಶರಣಾಗು, ಅಂದ ಪೀಕಾಕ್‌ನ ಕಪ್ತಾನ ವಾರಿಂಗ್ಟನ್. ಬಾಯ್ಸ್ ಇಳಿಸಲಿಲ್ಲ, ತೋಪು ಹಾರಿತು.

ತಪ್ಪು ವಾರಿಂಗ್ಟನ್‌ನದ್ದೇ. ಸುದ್ದಿ ಹಾಯಿಹಡಗಿನಲ್ಲೇ ಬರಬೇಕಿದ್ದ ಕಾಲ ಅದು. ಅದಕ್ಕೇ ಸಂಧಿಯ ಎರಡನೇ ವಿಧಿಯಲ್ಲಿ ಕಾದಾಟ ನಿಲ್ಲಲು ಒಂದೊಂದು ಸಮುದ್ರಕ್ಕೆ ಒಂದೊಂದು ಗಡುವು ಇಟ್ಟಿದ್ದರು: ಅಮೆರಿಕದ ಕರಾವಳಿಗೆ 12 ದಿನ, ಸುಂದಾದಂಥ, ಭೂಮಧ್ಯರೇಖೆಯ ಕೆಳಗಿನ ದೂರದ ಕಡಲುಗಳಿಗೆ 90. ಸಂಧಿ ಊರ್ಜಿತವಾದದ್ದು ಫೆಬ್ರವರಿ 17ಕ್ಕೆ. ಲೆಕ್ಕ ಹಾಕಿ, ಮೇ ತಿಂಗಳಲ್ಲೇ ಗಡುವು ಮುಗಿದಿತ್ತು.

ಗೆದ್ದವರು ಯಾರು ಅಂತ ನೋಡಬೇಕಾದರೆ ಕದನಗಳನ್ನು ಎಣಿಸಿ ಪ್ರಯೋಜನವಿಲ್ಲ. ಯಾವುದಕ್ಕಾಗಿ ಕತ್ತಿ ಹಿರಿದರೋ ಅದು ಸಂಧಿಪತ್ರದಲ್ಲಿ ಸಿಕ್ಕಿತೇ ಅಂತ ಹುಡುಕಬೇಕು. ತನ್ನ ಹಡಗುಗಳಿಂದ ನಾವಿಕರನ್ನು ಬ್ರಿಟಿಷರು ಎಳೆದೊಯ್ಯುತ್ತಾರೆ ಎಂಬುದು ಅಮೆರಿಕದ ದೊಡ್ಡ ದೂರು. ಸಂಧಿಯಲ್ಲಿ ಅದರ ಮಾತೇ ಇಲ್ಲ. ವ್ಯಾಪಾರ ತಡೆದ ಬ್ರಿಟಿಷ್ ಆಜ್ಞೆಗಳು ಇನ್ನೊಂದು ಕಾರಣ. ಯುದ್ಧ ಘೋಷಣೆಯಾಗಿ ಐದೇ ದಿನಕ್ಕೆ ಲಂಡನ್ ಅವನ್ನು ರದ್ದು ಮಾಡಿತ್ತು, ಸುದ್ದಿ ಬರುವಷ್ಟರಲ್ಲಿ ಹೊತ್ತು ಮೀರಿತ್ತು. ಕೆನಡಾಕ್ಕೆ ನುಗ್ಗಿ ಒಂದಡಿ ನೆಲವೂ ದಕ್ಕಲಿಲ್ಲ. ಬ್ರಿಟನ್ ಕೂಡ ತಾನು ಹಿಡಿದಿದ್ದ ಕ್ಯಾಸ್ಟೀನ್ ಪಟ್ಟಣ, ನಯಾಗರಾ ಕೋಟೆಯನ್ನು ಬಿಟ್ಟುಕೊಟ್ಟಿತು. ಮೂಲನಿವಾಸಿಗಳಿಗೆ ಪ್ರತ್ಯೇಕ ನಾಡು ಕೊಡಿಸುತ್ತೇವೆ ಎಂಬ ಬೇಡಿಕೆಯನ್ನೂ ಕೈಬಿಟ್ಟಿತು. 1811ರಲ್ಲಿದ್ದ ನೆಲ, ಹಕ್ಕು ಅವರಿಗೆ ಮರಳಬೇಕು ಅನ್ನುವ ಒಂಬತ್ತನೇ ವಿಧಿ ಕಾಗದದಲ್ಲೇ ಉಳಿಯಿತು. ಬ್ರಿಟಿಷರನ್ನು ನಂಬಿ ಜೊತೆಗೆ ಹೋರಾಡಿದ ಮೂಲನಿವಾಸಿಗಳ ನಾಯಕ ಟೆಕುಮ್ಸೆ 1813ರಲ್ಲೇ ರಣದಲ್ಲಿ ಸತ್ತಿದ್ದ. ಅಣ್ಣತಮ್ಮ ಇಬ್ಬರೂ ಅವನ ಹೆಸರೆತ್ತಲಿಲ್ಲ. ಅದು ನನಗೆ ತುಂಬಾ ನೋವು ತಂದಿತು.

ಎಲ್ಲವೂ ಮೊದಲಿದ್ದಂತೆ, ಇದೇ ಸಂಧಿಯ ಸಾರ. ಶಾಂತಿಯಾದದ್ದು ನಿಜವೆಂದು ಖಚಿತವಾದ ಮೇಲೆ, ಕೆಲವೇ ದಿನಗಳಲ್ಲಿ, ವಾರಿಂಗ್ಟನ್ ನಾಟಿಲಸ್‌ನ್ನೂ ಹಾಗೇ ಹಿಂದಿರುಗಿಸಿದ. ಬಾಯ್ಸ್‌ನ ಕಾಲು ಹೋಗಿತ್ತು. ಸತ್ತವರಲ್ಲಿ ನಮ್ಮ ಕಡೆಯ ಖಲಾಸಿಗಳೂ ಇದ್ದರು.