ಊರಿಗೆ ಹೋಗುವುದು ಖಂಡಿತ, ಯಾವಾಗ ಅನ್ನುವುದಷ್ಟೇ ಪ್ರಶ್ನೆ

ಅಮೆರಿಕದಲ್ಲಿರುವ ಗೆಳೆಯರು ಇರುವುದಾ, ಹೋಗುವುದಾ ಅಂತ ತಲೆ ಕೆಡಿಸಿಕೊಳ್ಳುತ್ತಾರೆ. ಗಲ್ಫಿನಲ್ಲಿ ದುಡಿಯುವ ನಮ್ಮಂಥವರಿಗೆ ಅದರಲ್ಲಿ ಅರ್ಧ ಮೊದಲೇ ತೀರ್ಮಾನವಾಗಿದೆ. ಕೆಲಸ ಇರುವಷ್ಟು ದಿನ ವೀಸಾ. ಗೋಲ್ಡನ್ ವೀಸಾ ಸಿಕ್ಕಿದರೂ ಅದು 5 ಅಥವಾ 10 ವರ್ಷದ ವೀಸಾವೇ ಹೊರತು ಪೌರತ್ವ ಅಲ್ಲ. ಒಂದಲ್ಲ ಒಂದು ದಿನ ಹೊರಡಲೇಬೇಕು. ಆ ದಿನವನ್ನು ನಾವು ಗೊತ್ತು ಮಾಡುತ್ತೇವೋ, ಬೇರೆಯವರು ಮಾಡುತ್ತಾರೋ ಅನ್ನುವುದೊಂದೇ ನಮ್ಮ ಕೈಯಲ್ಲಿರುವುದು.

ಇದನ್ನು ಇಷ್ಟು ಗಟ್ಟಿಯಾಗಿ ಹೇಳುವುದಕ್ಕೆ ಕಾರಣ ಇದೆ. ನನ್ನ ಮನೆ ಶಾರ್ಜಾದಲ್ಲಿ, ಕೆಲಸ ದುಬೈಯ ಒಂದು ಕಾಂಟ್ರಾಕ್ಟಿಂಗ್ ಕಂಪನಿಯ ಅಕೌಂಟ್ಸ್‌ನಲ್ಲಿ. ಊರಿಗೆ ಹೋಗುವವರ ಫೈನಲ್ ಸೆಟ್ಲ್‌ಮೆಂಟ್ ತಯಾರು ಮಾಡುವುದು ನನ್ನ ಪಾಲಿಗೆ ಬಂದ ಕೆಲಸ. ಕೆಲಸ ಬಿಡುವಾಗ ಸಿಗುವ ಗ್ರಾಚ್ಯುಟಿ ಅಂದರೆ ಮೊದಲ 5 ವರ್ಷಕ್ಕೆ ವರ್ಷಕ್ಕೆ 21 ದಿನದ ಸಂಬಳ, ಆಮೇಲಿನ ವರ್ಷಗಳಿಗೆ 30 ದಿನದ್ದು. ಅದೂ ಬೇಸಿಕ್ ಮಾತ್ರ; ಬಾಡಿಗೆ, ಟ್ರಾನ್ಸ್‌ಪೋರ್ಟ್ ಯಾವುದೂ ಲೆಕ್ಕಕ್ಕೆ ಬರುವುದಿಲ್ಲ. ಕೈಗೆ ಬರುತ್ತಿದ್ದ ಸಂಬಳದಲ್ಲಿ ಬೇಸಿಕ್ ಅರ್ಧವೂ ಇರದ ಫೋರ್‌ಮನ್ ಒಬ್ಬರು ಆ ಹಾಳೆಯ ಹಿಂಬದಿಯನ್ನೂ ತಿರುಗಿಸಿ ನೋಡಿದರು, ಅಲ್ಲಿ ಇನ್ನೇನಾದರೂ ಬರೆದಿದೆಯಾ ಅಂತ. ಪೆನ್ನು ಕೊಡುವಾಗ ನನಗೆ ಅವರ ಮುಖ ನೋಡಲಾಗಲಿಲ್ಲ.

2020ರಲ್ಲಿ ಅಂಥ ಹಾಳೆಗಳು ಕಟ್ಟುಗಟ್ಟಲೆ ಆದವು. ಮೇ 12ರಂದು, ಕೊರೊನಾದಿಂದ ಹೊರದೇಶದಲ್ಲಿ ಸಿಕ್ಕಿಬಿದ್ದವರನ್ನು ಕರೆತರುವ ಸರ್ಕಾರದ ಯೋಜನೆಯಾದ ವಂದೇ ಭಾರತ್‌ನ ಮೊದಲ ವಿಮಾನ ಇಲ್ಲಿಂದ ಮಂಗಳೂರಿಗೆ ಹೋಯಿತು. ಆಮೇಲಿನ ತಿಂಗಳುಗಳಲ್ಲಿ ನಮ್ಮಲ್ಲಿಂದ ಹೊರಟವರಲ್ಲಿ ಯಾರೂ ಆ ವರ್ಷ ಹೋಗಬೇಕೆಂದುಕೊಂಡವರಲ್ಲ. ಮಕ್ಕಳ ಟಿ.ಸಿ. ತೆಗೆದಿರಲಿಲ್ಲ, ಕಾರಿನ ಸಾಲ ಬಾಕಿ, ಮನೆ ಮಾಲೀಕನ ಹತ್ತಿರ ಮುಂದಿನ ತಿಂಗಳುಗಳ ಬಾಡಿಗೆ ಚೆಕ್ಕುಗಳು. "ಇನ್ನೆರಡು ವರ್ಷ, ಆಮೇಲೆ ಹೋಗುವುದೇ" ಅಂತ ವರ್ಷಾನುಗಟ್ಟಲೆ ಹೇಳಿಕೊಂಡು ಬಂದವರು ಅವರು.

ನಾವೂ ಮನೆಯಲ್ಲಿ ಅದನ್ನೇ ಹೇಳುತ್ತಿದ್ದೆವು. ಅದನ್ನು ನಿಲ್ಲಿಸಿದ್ದು ಮಗಳ ಓದು. ಅವಳು ಇಲ್ಲಿಯೇ ಸಿ.ಬಿ.ಎಸ್.ಇ. ಓದಿದವಳು, ಈಗ ಹತ್ತನೇ ಕ್ಲಾಸು. ಕರ್ನಾಟಕದಲ್ಲಿ ಸಿ.ಇ.ಟಿ. ಮೂಲಕ ಸರ್ಕಾರಿ ಸೀಟು ಬೇಕಾದರೆ ಸಾಮಾನ್ಯವಾಗಿ 7 ವರ್ಷ ರಾಜ್ಯದಲ್ಲೇ ಓದಿರಬೇಕು. ಹೊರಗೆ ಬೆಳೆದ ನಮ್ಮ ಮಕ್ಕಳಿಗೂ ಒಂದು ಬಾಗಿಲಿದೆ: ತಂದೆ ತಾಯಿಯಲ್ಲಿ ಒಬ್ಬರು ಕರ್ನಾಟಕದಲ್ಲಿ 7 ವರ್ಷ ಓದಿರಬೇಕು, ಮಗು ಪಿಯುಸಿಯ ಎರಡೂ ವರ್ಷ ಅಲ್ಲೇ ಓದಿ ಪಾಸಾಗಬೇಕು. ನಾನು ಉಡುಪಿ ಜಿಲ್ಲೆಯ ಕೋಟದಲ್ಲಿ ಓದಿದವನು, ಮೊದಲನೆಯದಕ್ಕೆ ತೊಂದರೆ ಇಲ್ಲ. ಹತ್ತನೇ ಪರೀಕ್ಷೆ ಮುಗಿದ ಕೂಡಲೇ ಹೋದರೆ ಎರಡನೆಯದೂ ಆಗುತ್ತದೆ, ಒಂದು ವರ್ಷ ತಡವಾದರೆ ಹೋಯಿತು. ಇಲ್ಲಿ ಮಕ್ಕಳಿರುವ ಯಾರು ಕೇಳಿದರೂ ನಾನು ಮೊದಲು ಹೇಳುವುದು ಇದನ್ನೇ. ಮಕ್ಕಳು ಎಂಟನೆಯಲ್ಲಿರುವಾಗಲೇ ಕುಳಿತು ಯೋಚಿಸಿ.

ಅಮ್ಮ ಊರಲ್ಲಿ ಒಬ್ಬರೇ. ಜಗಲಿಗೆ ಹಾಕಿಸಿದ ಕ್ಯಾಮೆರಾವನ್ನು ಮಧ್ಯಾಹ್ನ ಊಟದ ಹೊತ್ತಿಗೆ ಫೋನಿನಲ್ಲಿ ತೆರೆಯುತ್ತೇನೆ. ಕಳೆದ ಆಟಿ ತಿಂಗಳ ಮಳೆಗಾಲದಲ್ಲಿ ಒಂದು ದಿನ, ಸುರಿವ ಮಳೆಯಲ್ಲಿ ತಲೆಗೆ ಬೈರಾಸು ಹಾಕಿಕೊಂಡು ಅಂಗಳಕ್ಕೆ ಬಿದ್ದ ತೆಂಗಿನ ಮಡಲನ್ನು ಎಳೆಯುತ್ತಿದ್ದರು. ನಾಲ್ಕು ಹೆಜ್ಜೆ ಎಳೆದು ನಿಲ್ಲುವುದು, ಸೊಂಟಕ್ಕೆ ಕೈ ಕೊಡುವುದು, ಮತ್ತೆ ಎಳೆಯುವುದು. ಫೋನು ಮಾಡಿದರೆ ಒಳಗೆ ರಿಂಗಾಗುವುದು ಕೇಳಿ ಅವಸರದಲ್ಲಿ ಮೆಟ್ಟಿಲು ಹತ್ತಿ ಜಾರಿಯಾರು ಅಂತ ಸುಮ್ಮನೆ ನೋಡುತ್ತ ಕೂತೆ. ರಾತ್ರಿ ಫೋನಿನಲ್ಲಿ, ನಾವು ಊರಿಗೆ ಬರುವ ವಿಷಯ ಎತ್ತಿದಾಗ ಅವರು ಹೇಳಿದ್ದು: "ನಂಗ್ ಬೇಕಾಯಿ ಬಪ್ಪುದ್ ಬ್ಯಾಡ ಮಗಾ. ಬಂದ್ ಮೇಲೆ ಎಂತ ಮಾಡೂದ್ ಅಂದೇಳಿ ಕಂಡ್ಕಂಡ್ ಬಾ."

ಆ ಮಾತು ಸರಿ. ಕುಂದಾಪುರದ ಆಡಿಟರ್ ಒಬ್ಬರ ಹತ್ತಿರ ಕೆಲಸದ ಬಗ್ಗೆ ಮಾತಾಡಿದ್ದೇನೆ. ಇಲ್ಲಿಯ ಸಂಬಳದ ಕಾಲು ಭಾಗ ಸಿಕ್ಕೀತು. ಮನೆ ಸಾಲ ತೀರಿದೆ, ಅಷ್ಟರಲ್ಲಿ ಬದುಕಬಹುದು.

ಕಷ್ಟ ಇರುವುದು ಹೆಂಡತಿಗೆ. ಇಲ್ಲಿ ಅವಳಿಗೆ ಕ್ಲಿನಿಕ್ಕಿನಲ್ಲಿ ಕೆಲಸ ಇದೆ, ಲೈಸೆನ್ಸ್ ಇದೆ, ರಾತ್ರಿ ಹನ್ನೊಂದಕ್ಕೂ ಒಬ್ಬಳೇ ಕಾರು ಓಡಿಸಿಕೊಂಡು ಬರುತ್ತಾಳೆ. ಗಂಡಸರು ಊರು ಊರು ಅಂತ ಹಂಬಲಿಸುವಾಗ ಹೆಂಗಸರು ಏನನ್ನು ಬಿಟ್ಟು ಬರುತ್ತಾರೆ ಅಂತ ಕೇಳುವುದು ಕಡಿಮೆ. ಅವಳು ಖಡಾಖಂಡಿತವಾಗಿ ಹೇಳಿದಳು: "ಬರ್ತೇನೆ, ಆದ್ರೆ ಕೋಟದ ಮನೆಯಲ್ಲಿ ಕೂತ್ಕೊಳ್ಳುವುದಕ್ಕೆ ಅಲ್ಲ. ನಂಗೆ ಕೆಲ್ಸ ಬೇಕು." ಹಾಗಾಗಿ ಬ್ರಹ್ಮಾವರದಲ್ಲಿ ಬಾಡಿಗೆ ಮನೆ ನೋಡುತ್ತಿದ್ದೇವೆ. ಅವಳಿಗೆ ಉಡುಪಿ, ಮಣಿಪಾಲದ ಆಸ್ಪತ್ರೆಗಳು ಹತ್ತಿರ, ಮಗಳಿಗೆ ಕಾಲೇಜು ಹತ್ತಿರ, ಅಮ್ಮನ ಹತ್ತಿರ ನಾನು ದಿನಾ ಹೋಗಿ ಬರಬಹುದು. ಹೆಂಡತಿ ಮಣಿಪಾಲದ ಆಸ್ಪತ್ರೆಗೆ ಅರ್ಜಿ ಹಾಕಿದ್ದಾಳೆ. ಉತ್ತರ ಬರುವವರೆಗೆ ನಾನು ರಾಜೀನಾಮೆ ಕೊಡುವುದಿಲ್ಲ ಅಂತ ಮಾತಾಗಿದೆ. ಮನೆ ಮಾಲೀಕನಿಗೆ ಮಾತ್ರ ಈ ಸಲ ಕಾಂಟ್ರಾಕ್ಟ್ ಮುಂದುವರಿಸುವುದಿಲ್ಲ ಅಂತ ಹೇಳಿಬಿಟ್ಟಿದ್ದೇವೆ.