ಹಿಡಿದ ಕೈ ಬಿಡದ ಎಚ್‌ಎಸ್‌ಪಿ47: ನಾಲ್ಕು ಶನಿವಾರಗಳ ದಾಖಲೆ

ಮೊದಲ ಶನಿವಾರ

ಥರ್ಮಾಕೋಲ್ ಪೆಟ್ಟಿಗೆಯಲ್ಲಿ ಪುಟ್ಟ ಸೀಸೆ ಬಂದಿದೆ. ಒಳಗಿರುವುದು 50 ಮೈಕ್ರೋಗ್ರಾಂ ಮಾನವ ಎಚ್‌ಎಸ್‌ಪಿ47 ಎಂಬ ಪ್ರೋಟೀನು, ಇ. ಕೋಲಿ ಬ್ಯಾಕ್ಟೀರಿಯಾದಲ್ಲಿ ತಯಾರಾದದ್ದು. ಪುಡಿ ಕಣ್ಣಿಗೇ ಕಾಣುವುದಿಲ್ಲ. ಮುಚ್ಚಳಕ್ಕೆ ಅಂಟಿಕೊಂಡಿರುತ್ತದೆಂದು ಮೊದಲು ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿ ಆಮೇಲೆ ತೆರೆದೆ. ನೂರು ಮೈಕ್ರೋಲೀಟರ್‌ನಲ್ಲಿ ಕರಗಿಸಿ ಹತ್ತು ಪಾಲು ಮಾಡಿ ಫ್ರೀಜರ್‌ಗೆ ಸೇರಿಸಿದೆ. ಪದೇಪದೇ ಕರಗಿಸಿ ಹೆಪ್ಪುಗಟ್ಟಿಸಿದರೆ ಪ್ರೋಟೀನು ಹಾಳು. ಬೇಸಿಗೆಯ ಬೆಂಗಳೂರು, ಕರೆಂಟಿನ ಭರವಸೆಯಿಲ್ಲ; ಗೆಳತಿ ಪಾಠ ಹೇಳುವ ಕಾಲೇಜಿನಲ್ಲಿ ಜನರೇಟರ್ ಇರುವುದೇ ನನ್ನ ಧೈರ್ಯ.

ಈ ಪ್ರೋಟೀನಿನ ಕೆಲಸ ಕಳಸಗಿತ್ತಿಯದು. ಜೀವಕೋಶದೊಳಗೆ ಪ್ರೋಟೀನುಗಳು ರೂಪುಗೊಳ್ಳುವ ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್‌ನಲ್ಲಿ, ಚರ್ಮ-ಮೂಳೆಗಳಿಗೆ ಗಟ್ಟಿತನ ಕೊಡುವ ಕೊಲಾಜೆನ್‌ನ ಮೂರು ಎಳೆಗಳು ಹೆಣೆದುಕೊಳ್ಳುವಾಗ, ಅರ್ಜಿನಿನ್ ಎಂಬ ಅಮೈನೋ ಆಮ್ಲ ಇರುವ ಜಾಗಗಳನ್ನು ಹಿಡಿದು ಜೊತೆಗಿರುತ್ತದೆ. ಕೋಶದೊಳಗಿನ ಮುಂದಿನ ನಿಲ್ದಾಣವಾದ ಗಾಲ್ಜಿಯ ಹೊಸಿಲಿನಲ್ಲಿ ಆಮ್ಲೀಯತೆ ಹೆಚ್ಚಿದೊಡನೆ ಕೈಬಿಟ್ಟು ಹಿಂದಿರುಗುತ್ತದೆ. ಇದಿಲ್ಲದ ಇಲಿಭ್ರೂಣ ಹನ್ನೊಂದೂವರೆ ದಿನ ದಾಟುವುದಿಲ್ಲ. ಆ ಕೈಬಿಡುವ ಗಳಿಗೆಯನ್ನು ನನ್ನ ಕಣ್ಣಿನಿಂದಲೇ ನೋಡಬೇಕೆಂಬುದು ಆಸೆ. ಕೊಲಾಜೆನ್‌ನ ಮುಪ್ಪುರಿ ರಚನೆಯನ್ನು ಮದ್ರಾಸಿನಲ್ಲಿ ಗೋಪಿನಾಥ್ ಕರ್ತಾ ಜೊತೆ ಮುಂದಿಟ್ಟ ವಿಜ್ಞಾನಿ ಜಿ.ಎನ್. ರಾಮಚಂದ್ರನ್ ಆಮೇಲೆ ದುಡಿದದ್ದು ನಮ್ಮ ಟಾಟಾ ಇನ್‌ಸ್ಟಿಟ್ಯೂಟ್‌ನಲ್ಲಿ, ಅಂದರೆ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ. ನನ್ನ ಬಸ್ಸು ದಿನವೂ ಆ ಗೇಟಿನ ಮುಂದೆಯೇ ಸಾಗುತ್ತದೆ.

ಎರಡನೆಯ ಶನಿವಾರ

ಜೆಲಟಿನ್ (ಬೇಯಿಸಿ ಬಿಡಿಸಿದ ಕೊಲಾಜೆನ್) ಅಂಟಿಸಿದ ಅಗರೋಸ್ ಮಣಿಗಳಿಗೆ ಪಿಎಚ್ 7.4ರಲ್ಲಿ ಪ್ರೋಟೀನು ಬೆರೆಸಿ, ತೊಳೆದು, ಪಿಎಚ್ 6ರ ದ್ರಾವಣ ಹಾಕಿದೆ (ಪಿಎಚ್ ಇಳಿದಷ್ಟೂ ಆಮ್ಲೀಯತೆ ಹೆಚ್ಚು). ಪ್ರೋಟೀನುಗಳನ್ನು ಗಾತ್ರದ ಪ್ರಕಾರ ಬೇರ್ಪಡಿಸುವ ಜೆಲ್ ಓಡಿಸಿದರೆ, ಇಳಿದು ಬಂದ ದ್ರಾವಣದ ಸಾಲು ಖಾಲಿ. ಮಣಿಗಳನ್ನು ಕುದಿಸಿದ ಸಾಲಿನಲ್ಲಿ ಮಾತ್ರ 50 ಕಿಲೋಡಾಲ್ಟನ್ ಗುರುತಿಗಿಂತ ತುಸು ಕೆಳಗೆ ದಪ್ಪ ನೀಲಿ ಪಟ್ಟಿ. ಹಿಡಿದದ್ದು ನಿಜ, ಬಿಡಲೇ ಇಲ್ಲ. ಸೀಸೆ ಕಳಿಸಿದವರನ್ನು ಮನಸ್ಸಿನಲ್ಲೇ ಬೈದುಕೊಂಡು ಮನೆಗೆ ಬಂದೆ.

ಮೂರನೆಯ ಶನಿವಾರ

ಬೈಗುಳ ನನಗೇ ಸಲ್ಲಬೇಕಿತ್ತು. ಪಿಎಚ್ ಕದಲದಂತೆ ಹಿಡಿಯಬೇಕಾದ ಟ್ರಿಸ್ ಬಫರಿಗೇ ಆಮ್ಲ ಸುರಿದು ಪಿಎಚ್ 6ಕ್ಕೆ ಇಳಿಸಿದ್ದೆ. ಟ್ರಿಸ್‌ನ ತಾಕತ್ತು ಇರುವುದು 8ರ ಆಸುಪಾಸಿನಲ್ಲಿ. 6ರಲ್ಲಿ ಅದು ಹೆಸರಿಗಷ್ಟೇ ಬಫರ್. ಮಣಿಗಳ ನಡುವೆ ಉಳಿದಿದ್ದ ಹಳೆಯ ದ್ರಾವಣ ಸೇರಿದ್ದೇ ತಡ, ಪಿಎಚ್ ಮೇಲಕ್ಕೆ ಜಾರಿದೆ. ಪಿಎಚ್ ಪಟ್ಟಿ ಅದ್ದಿ ನೋಡಿದೆ: 7ರ ಬಣ್ಣ! ಪಿಯುಸಿ ಪಾಠ, ಎರಡು ಪಾಲು ಪ್ರೋಟೀನು ತೆತ್ತು ಮತ್ತೆ ಕಲಿತಂತಾಯಿತು.

6ರ ಬಳಿ ಗಟ್ಟಿಯಾಗಿ ನಿಲ್ಲುವ ಸಿಟ್ರೇಟ್ ಬಫರ್ ಹೊಸದಾಗಿ ಮಾಡಿಟ್ಟೆ. ಅಷ್ಟಕ್ಕೇ ಕಾಲೇಜಿನ ಬಾಗಿಲು ಹಾಕುವ ಹೊತ್ತಾಯಿತು.

ನಾಲ್ಕನೆಯ ಶನಿವಾರ

ಬಿಟ್ಟಿತು! ಸಿಟ್ರೇಟ್, ಪಿಎಚ್ 6. ಇಳಿದು ಬಂದ ದ್ರಾವಣದಲ್ಲೇ ಪಟ್ಟಿ. ಮಣಿಗಳಲ್ಲಿ ಉಳಿದದ್ದು ಮಸುಕು ನೆರಳು. ಗೆಳತಿ ಜೆಲ್ ನೋಡಿ ಒಂದೇ ಪ್ರಶ್ನೆ ಕೇಳಿದಳು: "ಜೆಲಟಿನ್ ಇಲ್ಲದ ಬರಿಯ ಮಣಿಗಳ ಸಾಲು ಎಲ್ಲಿ?" ಇರಲಿಲ್ಲ. ಈ ಪ್ರೋಟೀನಿಗೆ ಧನಾವೇಶ ಹೆಚ್ಚು, ಸಿಕ್ಕಿದ್ದಕ್ಕೆಲ್ಲ ಅಂಟಿಕೊಂಡೀತು. ಹಾಗಾಗಿ ಗೆದ್ದೆನೆಂದು ಇನ್ನೂ ಬರೆಯಲಾರೆ.

ಆರು ಪಾಲು ಉಳಿದಿದೆ. ಮುಂದಿನ ವಾರ ಎರಡು ಪಾಲು ಬರಿಯ ಮಣಿಗಳಿಗೆ. ಉಳಿದ ನಾಲ್ಕು ಪಿಎಚ್ 7, 6.6, 6.3, 6ಕ್ಕೆ ಒಂದೊಂದು.