ನನ್ನದೇ ಕವರ್, ನಾನೇ ಕಳ್ಳ

ಅರ್ಜಿಯನ್ನು ಒಳಗಿಟ್ಟು ಕವರ್ ಅಂಟಿಸಿ, ಮೇಜಿನ ಮೇಲಿಟ್ಟು ಮಲಗಲು ಹೊರಟಿದ್ದೆ. ಆಗ ಪೆನ್ನು ಕಣ್ಣಿಗೆ ಬಿತ್ತು. ಸಹಿ ಮಾಡಲೆಂದೇ ತೆಗೆದಿಟ್ಟಿದ್ದ ಪೆನ್ನು. ಅದರ ಕ್ಯಾಪನ್ನೇ ತೆಗೆದಿರಲಿಲ್ಲ.

ಬೇರೆ ಕವರ್ ತಗೊಂಡರಾಯ್ತು ಅಂತೀರಾ? ಇದು ಕಚೇರಿಯವರೇ ವಿಳಾಸ, ಬಾರ್‌ಕೋಡ್ ಅಚ್ಚು ಹಾಕಿಸಿ ಕಳಿಸಿದ್ದ ಕವರ್. ಇನ್ನೊಂದು ಇರಲಿಲ್ಲ. ಹರಿಯದೆ ಬಿಡಿಸಲೇಬೇಕಿತ್ತು.

ಮೊದಲು ನೆನಪಾಗಿದ್ದು ಹಬೆ. ಪತ್ತೇದಾರಿ ಕತೆಗಳಲ್ಲಿ ಕುದಿಯುವ ನೀರಿನ ಮೇಲೆ ಕವರ್ ಹಿಡಿಯುತ್ತಾರಲ್ಲ, ಹಾಗೆ. ಅದು ಬರೀ ಕತೆಯಲ್ಲ. ನೆಕ್ಕಿ ಅಂಟಿಸುವ ಕವರ್‌ಗಳಿಗೆ ಸಾಮಾನ್ಯವಾಗಿ ಪಿಷ್ಟದಿಂದ ಮಾಡಿದ ಡೆಕ್ಸ್‌ಟ್ರಿನ್ ಅಥವಾ ಮರದ ಗೋಂದು ಹಚ್ಚಿರುತ್ತಾರೆ. ಒದ್ದೆಯಾದಾಗ ಅಂಟಿದ್ದು ಮತ್ತೆ ಒದ್ದೆಯಾದರೆ ಸಡಿಲವಾಗುತ್ತದೆ. ಆದರೆ ನನ್ನ ಅರ್ಜಿ ಇಂಕ್‌ಜೆಟ್ ಪ್ರಿಂಟು, ತೇವಕ್ಕೆ ಅಕ್ಷರ ಹರಡುವ ಭಯ. ಜೊತೆಗಿದ್ದ ರಸೀದಿ ಥರ್ಮಲ್ ಕಾಗದದ್ದು. ಬಿಸಿ ತಾಗಿದರೆ ಪೂರ್ತಿ ಕಪ್ಪು. ಹಬೆ ಬೇಡ ಅಂದುಕೊಂಡೆ.

ಉಳಿದದ್ದು ಫ್ರೀಜರ್. ಒಣಗಿದ ಗೋಂದು ಚಳಿಗೆ ಇನ್ನಷ್ಟು ಪೆಡಸಾಗುತ್ತದೆ, ಆಗ ಕಾಗದದಿಂದ ಸಿಡಿದು ಬಿಡುತ್ತದೆ. ಕವರನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಒಳಗಿಟ್ಟೆ. ಎರಡು ಗಂಟೆ ನಿದ್ದೆಗೆಟ್ಟು ಕಾದೆ. ಹೊರಗೆ ತೆಗೆದ ಮೇಲೆ ತಡ ಮಾಡುವ ಹಾಗಿಲ್ಲ, ನೀರಿನ ಪಸೆ ಕೂತುಬಿಡುತ್ತದೆ. ಮೊಂಡು ಚಾಕುವನ್ನು ಮೂಲೆಯಿಂದ ಮೆಲ್ಲಗೆ ತೂರಿಸಿದೆ. ಚಟ್ ಚಟ್ ಅಂತ ಎರಡೂ ಬದಿ ಬಿಟ್ಟುಕೊಂಡವು. ನನ್ನದೇ ಕವರ್, ಆದರೂ ಯಾಕೋ ಬಾಗಿಲ ಕಡೆ ನೋಡುತ್ತಿದ್ದೆ.

ನಡುಭಾಗ ಮಾತ್ರ ಜಪ್ಪಯ್ಯ ಅಂದರೂ ಅಲುಗಲಿಲ್ಲ. ಆಗ ನೆನಪಾಯಿತು. ಕವರ್‌ನ ಗೋಂದು ಸಾಲದು ಅಂತ ನಾನೇ ಮೇಲೊಂದು ಹನಿ ಬಿಳಿ ಅಂಟು ಹಾಕಿದ್ದೆ! ಮರಗೆಲಸಕ್ಕೂ ಬಳಸುವ ಅಂಟು ಅದು. ಅತಿ ಜಾಣತನ, ಇನ್ನೇನು.

ಆ ಅಂಟು ಬಿಸಿಗೆ ಮೆದುವಾಗುತ್ತದೆ. ಹಾಗಂತ ಬಿಸಿ ಮಾಡಿದರೆ ರಸೀದಿಯ ಗತಿ? ಕವರನ್ನು ತಟ್ಟಿ ತಟ್ಟಿ ರಸೀದಿಯನ್ನು ಕೆಳಗೆ ಜಾರಿಸಿದೆ. ಬಿಟ್ಟಿದ್ದ ಬದಿಯಿಂದ ಮಡಿಚಿದ ದಪ್ಪ ಕಾಗದವೊಂದನ್ನು ಅಡ್ಡ ತೂರಿಸಿದೆ. ಹೇರ್ ಡ್ರೈಯರನ್ನು ದೂರದಿಂದ, ಬಿಟ್ಟು ಬಿಟ್ಟು ಹಿಡಿದೆ. ಅಂಟು ನೂಲು ನೂಲಾಗಿ ಎದ್ದು ಬಂತು. ಜೊತೆಗೆ ಉಗುರಿನಷ್ಟಗಲ ಕಾಗದದ ಪದರವೂ ಬಂತು. ಹರಿದಿರಲಿಲ್ಲ, ಅಷ್ಟೇ ಸಮಾಧಾನ.

ಸಹಿಗೆ ಹಿಡಿದದ್ದು ಎರಡು ಸೆಕೆಂಡು.

ಮತ್ತೆ ಅಂಟಿಸುವಾಗ ನೀರು ಮುಟ್ಟಿಸಲಿಲ್ಲ. ಹಳೆ ಗೋಂದು ಅಲ್ಲೊಂದು ಇಲ್ಲೊಂದು ಚೂರು ಉಳಿದಿತ್ತು, ಒದ್ದೆ ಮಾಡಿದರೂ ಪೂರ್ತಿ ಹಿಡಿಯುವಂತಿರಲಿಲ್ಲ. ಗ್ಲೂ ಸ್ಟಿಕ್ಕನ್ನು ಹಳೆ ಗೆರೆಯ ಮೇಲೇ ತೆಳ್ಳಗೆ ಎಳೆದೆ. ಅದರಲ್ಲಿ ನೀರಿನಂಶ ಕಡಿಮೆ, ಕಾಗದ ಜಾಸ್ತಿ ಸುಕ್ಕಾಗುವುದಿಲ್ಲ. ನಡುವಿನಿಂದ ಅಂಚಿಗೆ ಒತ್ತುತ್ತಾ ಬಂದು, ಮೇಲೊಂದು ಬಿಳಿ ಹಾಳೆ ಹಾಕಿ, ಮನೆಯಲ್ಲಿದ್ದ ದಪ್ಪ ನಿಘಂಟನ್ನು ಹೇರಿದೆ.

ಬೆಳಿಗ್ಗೆ ನೋಡಿದರೆ ಪದರ ಎದ್ದ ಜಾಗದಲ್ಲಿ ಚಿಕ್ಕ ಉಬ್ಬು ಬಿಟ್ಟರೆ ಎಲ್ಲ ನೆಟ್ಟಗಿತ್ತು. ಆ ಉಬ್ಬನ್ನೇ ಬೆಳಕಿಗೆ ಹಿಡಿದು, ಓರೆ ಮಾಡಿ, ಎಷ್ಟು ಸಲ ನೋಡಿದೆನೋ. ಅಲ್ಲಿ ಕವರ್ ತೆರೆಯುವವರು ಅಂಚನ್ನು ಸರ್ರನೆ ಸೀಳುತ್ತಾರೆ, ಅಂಟಿನ ಕಡೆ ಯಾರೂ ತಿರುಗಿಯೂ ನೋಡುವುದಿಲ್ಲ. ಗೊತ್ತಿತ್ತು. ಆದರೂ ನಿಘಂಟಿನ ಕೆಳಗೆ ಇನ್ನರ್ಧ ಗಂಟೆ ಇಟ್ಟೆ.